ಕೊನೆಯ ಅಗಸಿಯ ಸಾವಕಾರ

ಪೋಲೆಂಡ್ ದೇಶದವನೊಬ್ಬ ನನಗೆ ದಿನಾ ಬೆಳಿಗ್ಗೆ ಬೈಯುತ್ತಿದ್ದ. ಅವನ ಮುಖ ನಾನು ನೋಡಿಲ್ಲ, ಹೆಸರು ಉಚ್ಚರಿಸಲು ನನ್ನ ನಾಲಿಗೆ ಹೊರಳುವುದಿಲ್ಲ. ಆದರೆ ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ಅವನ ಬೈಗುಳ ಹಾಜರಿರುತ್ತಿತ್ತು. 'ಆಟ ಯಾವಾಗ ಬಿಡುಗಡೆ ಮಾಡುತ್ತೀರಿ? ಬೇಸಿಗೆಗೆ ಅಂದಿರಿ, ಚಳಿಗಾಲಕ್ಕೆ ಅಂದಿರಿ, ಈಗ ತುಟಿಯನ್ನೇ ಬಿಚ್ಚುತ್ತಿಲ್ಲ. ನೀವು ಮನುಷ್ಯರೋ ಕಳ್ಳರೋ?' ಅವನ ಬೆನ್ನಿಗೆ ಬ್ರೆಜಿಲಿನವರು, ಕೆನಡಾದವರು, ಕೊಲ್ಹಾಪುರದ ಒಬ್ಬ ಪುಣ್ಯಾತ್ಮ. ನನಗೂ ಬಾಯಿ ಇದೆ, ಹುಬ್ಬಳ್ಳಿಯ ಬಾಯಿ. ಬಿಟ್ಟಿದ್ದರೆ ಅವರಪ್ಪಂದಿರ ತನಕ ಹೋಗುತ್ತಿದ್ದೆ. ಜೊತೆಗಾರ ಇಕ್ಬಾಲ ಪ್ರತಿ ಸಲ ಮೊಬೈಲ್ ಕಸಿದುಕೊಳ್ಳುತ್ತಿದ್ದ.

"ಕಾಯಾಕತ್ತಾರ ಅಂತ ಬೈತಾರ ರಜನಿ. ಕಾಯದವರು ಬೈಯಂಗಿಲ್ಲ. ಖುಷಿ ಪಡು," ಅನ್ನುತ್ತಿದ್ದ.

ಆಟದ ಹೆಸರು 'ಏಳು ಅಗಸಿ', ಅಂದರೆ ಊರಿನ ಏಳು ಹೆಬ್ಬಾಗಿಲು; ಬರುತ್ತದೆ ಅಂತ ಇಂಟರ್ನೆಟ್ಟಿನಲ್ಲಿ ಸಾರಿಬಿಟ್ಟಿದ್ದೆವು. ಕಮರಿಪೇಟೆಯಲ್ಲಿ ಇಕ್ಬಾಲನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅದರ ಹಿಂದಿನ ಖೋಲಿಯಲ್ಲಿ ನಾವಿಬ್ಬರೇ ಕೂತು ಮಾಡಿದ ಆಟ. ಚಿತ್ರ, ಸಪ್ಪಳ ಅವನದು. ಕಥೆ, ಕಾಳಗ, ಪೆಟ್ಟಿನ ಲೆಕ್ಕ ನನ್ನದು. ಈಗಿನ ಆಟಗಳ ಹಾಗೆ ಕಣ್ಣು ಕುಕ್ಕುವ ಬೆಳಕು ಇದರಲ್ಲಿಲ್ಲ. ಹಳೇ ಕಾಲದ ಕಂಪ್ಯೂಟರಿನಲ್ಲಿ ಇರುತ್ತಿದ್ದ ಹಾಗೆ ಮೇಲಿಂದ ಕಾಣುವ ಊರು, ಚುಕ್ಕಿ ಚುಕ್ಕಿಯ ಮನುಷ್ಯರು. ಕಾಳಗವಾದರೆ ಪಾಳಿಯ ಪ್ರಕಾರ. ನೀವೊಂದು ಪೆಟ್ಟು ಹಾಕಬೇಕು, ಆಮೇಲೆ ಎದುರಿನವನು. ನಿಮ್ಮ ಪಾಳಿ ಬಂದಾಗ ಸಂಜೆಯ ತನಕ ಯೋಚಿಸಿ, ಚಹಾ ಕುಡಿದು ಬನ್ನಿ, ಆಟ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಪೆಟ್ಟು ಬೀಳುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಸತ್ತರೆ ಸತ್ತಿರಿ, ಮತ್ತೆ ಮೊದಲನೇ ಅಗಸಿಯಿಂದ ಶುರು.

ರಕ್ತಕ್ಕೇನೂ ಕೊರತೆ ಇರಲಿಲ್ಲ. ಎಲುಬು ಮುರಿಯುವ ಸಪ್ಪಳಕ್ಕೆಂದು ಇಕ್ಬಾಲ ಹಸಿ ಕಬ್ಬು ಮುರಿದು ಮೈಕಿನಲ್ಲಿ ಹಿಡಿದಿದ್ದ. ತಲೆ ಒಡೆಯುವುದಕ್ಕೆ ತೆಂಗಿನಕಾಯಿ. ಅಂಗಡಿಗೆ ಬಂದ ಗಿರಾಕಿಗಳು ಹಿಂದಿನ ಖೋಲಿಯಿಂದ ಬರುತ್ತಿದ್ದ ಈ ಸಪ್ಪಳ ಕೇಳಿ, ತಮ್ಮ ಪ್ರಿಂಟರ್ ಬಿಟ್ಟು ಓಡುವುದೊಂದೇ ಬಾಕಿ.

ಖರೇ ಹೇಳಬೇಕೆಂದರೆ ಆಟ ಎಂದೋ ಮುಗಿದಿತ್ತು. ತಡೆದು ಹಿಡಿದವಳು ನಾನು. ಕೊನೆಯ ಅಗಸಿಯಲ್ಲಿ ಒಬ್ಬ ಸಾವಕಾರ ಕೂತಿದ್ದಾನೆ. ಅವನನ್ನು ನನ್ನ ಅಕ್ಕ ಸೌಮ್ಯಾ ಇನ್ನೂ ಗೆದ್ದಿರಲಿಲ್ಲ. ಅವಳು ಗೆಲ್ಲುವ ತನಕ ಪೋಲೆಂಡ್ ಏನು, ಇಡೀ ಭೂಮಂಡಲ ಬಾಗಿಲಲ್ಲಿ ನಿಂತಿರಲಿ ಅಂತ ನಾನು ಹಟ ಹಿಡಿದಿದ್ದೆ.

ಅಕ್ಕನನ್ನು ಕೊಟ್ಟಿದ್ದು ಅಮರಗೋಳದ ದಲಾಲಿ ಅಂಗಡಿಯ ಬಸವಪ್ರಭುವಿಗೆ. ಶ್ರೀಮಂತರು, ಹಣೆ ತುಂಬ ವಿಭೂತಿ, ಬಾಯಿ ತುಂಬ 'ಬರ್ರಿ, ಕೂಡ್ರಿ'. ಈಗ ಅಲ್ಲಿನ ಎಪಿಎಂಸಿ ಯಾರ್ಡಿನಲ್ಲಿ ಹತ್ತಿ, ಮೆಣಸಿನಕಾಯಿಯ ವ್ಯಾಪಾರವೆಲ್ಲ ಕಂಪ್ಯೂಟರಿನ ಮೇಲೆ. ಆದರೂ ಹಳೇ ರೈತರು ಬಂದರೆ ಅವನ ಅಂಗಡಿಯ ಕಟ್ಟೆಯ ಮೇಲೆ ಟವೆಲ್ ಕೆಳಗಿನ ವ್ಯಾಪಾರ ನಡೆಯುತ್ತಿತ್ತು. ಇಬ್ಬರೂ ಕೈ ಹಿಡಿದುಕೊಂಡು ಮೇಲೊಂದು ಟವೆಲ್ ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದರೆ ಒಂದು ದರ, ಗಿಣ್ಣು ಒತ್ತಿದರೆ ಇನ್ನೊಂದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ದರ ಕುದುರಿದರೆ ಬಸವಪ್ರಭು ಎದುರಿನವನ ಅಂಗೈಯನ್ನು ಹೆಬ್ಬೆರಳ ಉಗುರಿನಿಂದ ಒಮ್ಮೆ ಗೀರುತ್ತಾನೆ. ಅದು ಅವನದೇ ರೂಢಿ, ಇಡೀ ಯಾರ್ಡಿಗೆ ಗೊತ್ತು. ಹಾಗಾಗಿ ಅವನ ಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಟವೆಲ್.

ಅಕ್ಕ ಮಂಗಳವಾರ ಮಧ್ಯಾಹ್ನ ಕಮರಿಪೇಟೆಗೆ ಬರುತ್ತಿದ್ದಳು. ಸೀರೆಗೆ ಫಾಲ್ ಹಚ್ಚಿಸುವ ನೆವ. ಚೀಲದಲ್ಲಿ ಯಾವಾಗಲೂ ಅದೇ ಹಸಿರು ಸೀರೆ. ಆ ಸೀರೆಗೆ ಬಿದ್ದಷ್ಟು ಫಾಲ್ ಹುಬ್ಬಳ್ಳಿಯ ಇನ್ಯಾವ ಸೀರೆಗೂ ಬಿದ್ದಿರಲಿಕ್ಕಿಲ್ಲ. ಬಂದವಳು ಖೋಲಿಯಲ್ಲಿ ಕಬ್ಬಿಣದ ಸ್ಟೂಲಿನ ಮೇಲೆ ಕೂತು ನಮ್ಮ ಆಟ ಆಡುತ್ತಿದ್ದಳು. ಆಟ ಬರುವುದನ್ನು ಅವಳಷ್ಟು ಆಸೆಯಿಂದ ಕಾಯುತ್ತಿದ್ದವರು ಯಾರೂ ಇರಲಿಲ್ಲ, ಪೋಲೆಂಡಿನವನೂ ಅಲ್ಲ.

ಮೊದಲು ಕೊನೆಯ ಅಗಸಿಯಲ್ಲಿ ನಾನೊಬ್ಬ ರಾಕ್ಷಸನನ್ನು ನಿಲ್ಲಿಸಿದ್ದೆ. ನಾಲ್ಕು ಕೈ, ನಾಲ್ಕು ಕೊಡಲಿ, ಗಂಟಲು ಹರಿಯುವ ಹಾಗೆ ಚೀರುವವ. ಅಕ್ಕ ಅವನನ್ನು ನೋಡಿ ನಕ್ಕುಬಿಟ್ಟಳು.

"ಇಂವ ಇಷ್ಟ್ಯಾಕ ಒದರತಾನ? ಇಷ್ಟ ಒದರಿದ್ರ ಬಾಜೂ ಮನಿಯವರಿಗೆ ಕೇಳಸಂಗಿಲ್ಲೇನು?"

"ರಾಕ್ಷಸ ಅಕ್ಕಾ ಅಂವ. ಬಾಜೂ ಮನಿ ಎಲ್ಲಿಂದ ಬಂತು?"

"ಒದರಬಾರ್ದು," ಅಂದಳು ಅಕ್ಕ, ಕಣ್ಣು ಪರದೆಯ ಮೇಲೇ ಇತ್ತು. "ಮೊದಲ ಕಿಡಕಿ ಹಾಕಬೇಕ. ಆಮ್ಯಾಲ ಹೆಗಲ ಮ್ಯಾಲಿನ ಟವೆಲ್ ತಗೀಬೇಕ. ಬಲಗೈಗೆ ಸುತ್ತಬೇಕ, ಗಟ್ಟಿ, ಗಿಣ್ಣು ಮುಚ್ಚೂ ಹಂಗ. ಅಂದ್ರ ಎಷ್ಟ ಗುದ್ದಿದ್ರೂ ಕೈಗೆ ಗಾಯ ಆಗಂಗಿಲ್ಲ, ಹೊಡಿಸಿಕೊಂಡವರ ಚರ್ಮಾನೂ ಹರಿಯಂಗಿಲ್ಲ. ಒಳಗೊಳಗ ಆಗ್ತದ. ಸಪ್ಪಳಾನೂ ಹಿಂಗ ಕಬ್ಬು ಮುರದಂಗ ಬರಂಗಿಲ್ಲ ಇಕ್ಬಾಲ. ಹತ್ತಿ ಚೀಲಕ್ಕ ಒದ್ದಂಗ ಬರ್ತದ."

ಹೋಳಿಗೆಯ ಕಣಕ ಎಷ್ಟು ನಾದಬೇಕು ಅಂತ ಹೇಳುವಷ್ಟು ಸಲೀಸಾಗಿ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಸೆರಗನ್ನು ಬಲಗೈಗೆ ಸುತ್ತಿ ತೋರಿಸಿದಳು. ಸೆರಗು ಸರಿದಾಗ ಕಂಡಿತು. ಪಕ್ಕೆಯ ಮೇಲೆ ಹಳದಿ, ನೀಲಿ, ಕಪ್ಪು, ಒಂದರ ಮೇಲೊಂದು, ಹಳೆಯದು ಮಾಗುವ ಮೊದಲೇ ಹೊಸದು.

ಟೇಬಲ್ ಮೇಲಿದ್ದ ಸುತ್ತಿಗೆ ತೆಗೆದುಕೊಂಡು ಎದ್ದೇಬಿಟ್ಟೆ. ಆ ನನ್ಮಗನ ಮಂಡೆಯನ್ನು ಅವನ ಕಟ್ಟೆಯ ಮೇಲೆಯೇ, ರೈತರ ಮುಂದೆಯೇ ಒಡೆಯುತ್ತೇನೆ ಅಂತ ಕೂಗಾಡಿದೆ. ಇಕ್ಬಾಲ ಬಾಗಿಲಿಗೆ ಅಡ್ಡ ನಿಂತ. ಅಕ್ಕ ಮಾತ್ರ ಸ್ಟೂಲಿನಿಂದ ಏಳಲಿಲ್ಲ.

"ನೀ ಹೊಡದ್ರ ನೀ ಜೇಲಿಗಿ, ನಾ ತಿರುಗಿ ಅದ ಮನಿಗಿ," ಅಂದಳು. "ಅವ್ವನ ಮುಂದೂ ಹೇಳೇನಿ. 'ಸ್ವಲ್ಪ ತಡಕೋ, ಗಂಡಸೂರು ಹಂಗ' ಅಂದಳು."

"ಹಂಗಾರ ಬಿಟ್ಟ ಬಾ ಅಕ್ಕಾ! ಇವತ್ತ ಬಾ!"

"ಬಿಡೂದು ಬಾಯಿಲೆ ಹೇಳಿದಷ್ಟ ಹಗರ ಅಲ್ಲ. ಅಂವ ಟವೆಲ್ ಸುತ್ತಾಕ ಹತ್ತಿದ ಕೂಡ್ಲೆ ನನ್ನ ಕೈಕಾಲು ನಿಂತಬಿಡ್ತಾವ ರಜನಿ. ಬಾಗಿಲ ಎದುರಿಗೇ ಇರ್ತದ, ದಾಟಾಕ ಆಗಂಗಿಲ್ಲ." ಪರದೆಯ ರಾಕ್ಷಸನತ್ತ ಬೆರಳು ಮಾಡಿದಳು. "ಇವನ್ನ ಹಂಗ ಮಾಡಿಕೊಡು. ಥೇಟ ಅವನ ಹಂಗ. ನಾ ಇಲ್ಲೆ ಆಡ್ತೇನಿ. ಇವನ್ನ ಗೆದ್ದ ದಿನ ಆ ಮನಿ ಬಿಡ್ತೇನಿ, ದೇವರಾಣಿ."

ನಾನು ಮಾಡಿದೆ. ಆ ಸಿಟ್ಟಿನಲ್ಲಿ ಕೂತು ಮಾಡಿದೆ. ನಾಲ್ಕು ಕೈ ಹೋಗಿ ಎರಡು ಬಂದವು, ಕೊಡಲಿ ಹೋಗಿ ಟವೆಲ್ ಬಂತು. ಮೊದಲು ನಗುತ್ತ ಕೈ ಚಾಚುತ್ತಾನೆ, ಟವೆಲ್ ಕೆಳಗೆ ವ್ಯಾಪಾರ ಮಾಡುತ್ತಾನೆ, ಕೊನೆಗೆ ಅಂಗೈಯನ್ನು ಉಗುರಿನಿಂದ ಗೀರುತ್ತಾನೆ. ಆಮೇಲೆ ಟವೆಲ್ ಹೆಗಲಿನಿಂದ ಇಳಿಯುತ್ತದೆ. ಅವನು ಅದನ್ನು ಸುತ್ತಿಕೊಳ್ಳುವಾಗ ನಿಮಗೆ ಒಂದು ಪಾಳಿ. ಹೊಡಿ, ಹಿಂದೆ ಸರಿ, ಓಡು, ಕೈ ಮುಗಿ. ಇವುಗಳಲ್ಲಿ ಒಂದನ್ನು ಆರಿಸಬೇಕು. ಆ ಪಾಳಿ ಕಳೆದರೆ ಮುಗಿಯಿತು, ನೀವು ಸಾಯುವ ತನಕ ಅವನು ನಿಲ್ಲಿಸುವುದಿಲ್ಲ. ಅಕ್ಕ ಹೇಳಿದ ಹಾಗೆ ಇಕ್ಬಾಲ ಹತ್ತಿ ಚೀಲಕ್ಕೆ ಒದ್ದು ಸಪ್ಪಳ ಹಿಡಿದ. ಅದನ್ನು ಕೇಳಿಸಿದಾಗ ಅವಳು ಬರೀ ತಲೆಯಾಡಿಸಿದಳು, ಹೌದು ಅಂತ.

ಅಕ್ಕನಿಗೆಂದೇ ಆಟ ನೇರ ಕೊನೆಯ ಅಗಸಿಯಿಂದ ಶುರುವಾಗುವ ಹಾಗೆ ಮಾಡಿದೆ. ಅವಳು ಕೂತಳು. ಟವೆಲ್ ಇಳಿಯಿತು. ಅವಳ ಕೈ ಮೌಸಿನ ಮೇಲೆ ಕಲ್ಲಾಯಿತು. ಬಹಳ ಹೊತ್ತಿನ ಮೇಲೆ ಬೆರಳು ಒತ್ತಿದ್ದು 'ಕೈ ಮುಗಿ'. ಸಾವಕಾರ ಪಕ್ಕೆಗೆ ಗುದ್ದಿದ, ಹೊಟ್ಟೆಗೆ ಗುದ್ದಿದ, ಬಿದ್ದವಳ ಬೆನ್ನು ತುಳಿದ. ಪರದೆಯ ಮೇಲಿನ ಪುಟ್ಟ ಹೆಂಗಸು ಕೆಂಪು ಚುಕ್ಕಿಗಳಾಗಿ ಚೆದುರಿಹೋದಳು. ಅಕ್ಕ ಮತ್ತೆ ಶುರು ಮಾಡಿದಳು. ಮತ್ತೆ ಕೈ ಮುಗಿದಳು, ಮತ್ತೆ ಸತ್ತಳು. ವಾರ ವಾರ ಇದೇ ಗೋಳು. ಇತ್ತ ಪೋಲೆಂಡಿನವನ ಬೈಗುಳ ಉದ್ದವಾಗುತ್ತ ಹೋಯಿತು.

ನನಗೆ ತಡೆಯಲಾಗಲಿಲ್ಲ. ಒಂದು ಸಲ ಯಾರಿಗೂ ಹೇಳದೆ ಸಾವಕಾರನ ಗುದ್ದಿನ ಬಲ ಅರ್ಧಕ್ಕೆ ಇಳಿಸಿದೆ. ಗೆದ್ದಳು ಅಂದರೆ ಸಾಕು, ಮನೆ ಬಿಟ್ಟು ಬರುತ್ತಾಳೆ, ಆಟ ನ್ಯಾಯವೋ ಅನ್ಯಾಯವೋ ಯಾರಿಗೆ ಬೇಕಾಗಿದೆ! ಆ ಮಂಗಳವಾರ ಅಕ್ಕ ತುಟಿ ಒಡೆದುಕೊಂಡು ಬಂದಿದ್ದಳು. ಆಡಿದಳು. ಗುದ್ದು ಬಿದ್ದರೂ ಪರದೆಯ ಹೆಂಗಸು ಸಾಯಲಿಲ್ಲ. ಅಕ್ಕ ಮೌಸ್ ಬಿಟ್ಟು ನನ್ನ ಕಡೆ ತಿರುಗಿದಳು.

"ಇವತ್ತ ಅಂವ ಮೆತ್ತಗ ಬಡದ. ನೀ ಏನರ ಮಾಡಿಯೇನು?"

ನಾನು ಮೊಬೈಲ್ ತೆಗೆದು ಪೋಲೆಂಡಿನವನ ಬೈಗುಳ ಓದತೊಡಗಿದೆ.

"ಇಲ್ಲೆ ನೀ ಕಡಿಮಿ ಮಾಡ್ತಿ. ಮನ್ಯಾಗ ಯಾರ ಕಡಿಮಿ ಮಾಡ್ತಾರ? ಹೇಳು!" ಅಕ್ಕ ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಒಡೆದ ತುಟಿ ಮತ್ತೆ ಬಿರಿದು ರಕ್ತ ಗದ್ದಕ್ಕಿಳಿಯಿತು. "ಸುಳ್ಳ ಗೆಲ್ಲಿಸಿ ನನ್ನ ಅವನ ಮುಂದ ನಿಲ್ಲಸ್ತೀ ಏನು? ಇದ್ದಷ್ಟ ಇಡು ಅಂದೇನಿ, ಇದ್ದಷ್ಟ ಇಡು!"

ಇದ್ದಷ್ಟೇ ಇಟ್ಟೆ.

ಮುಂದಿನ ವಾರ ಅವಳು ಕೂತ ಕೂಡಲೇ ಆಡಲಿಲ್ಲ. ಟವೆಲ್ ಇಳಿದು ತನ್ನ ಪಾಳಿ ಬಂದಾಗ ಸುಮ್ಮನೆ ಕೂತು ನೋಡಿದಳು. ಆಟ ಕಾಯುತ್ತಿತ್ತು. ಸಾವಕಾರ ಟವೆಲ್ ಅರ್ಧ ಸುತ್ತಿಕೊಂಡು ನಿಂತೇ ಇದ್ದ. ಇಕ್ಬಾಲ ಚಹಾ ತಂದ. ಅಕ್ಕ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಆಗ ಬಾಯಿ ಬಿಟ್ಟಳು.

"ರಜನಿ, ಟವೆಲ್ ಸುತ್ತೂವಾಗ ಅವನ ಎರಡೂ ಕೈ ಖಾಲಿ ಇರಂಗಿಲ್ಲ. ನೋಡಿಯೇನು? ಒಂದು ಸುತ್ತತೈತಿ, ಒಂದು ಸುತ್ತಿಸಿಕೊಳ್ಳತೈತಿ."

ನೋಡಿದೆ. ಆಟ ಮಾಡಿದವಳು ನಾನು, ಚಿತ್ರ ಬರೆದವನು ಇಕ್ಬಾಲ, ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

"ಮನ್ಯಾಗ ನಾ ನೆಲಾ ನೋಡತಿರ್ತೇನಿ," ಅಂದಳು. "ಇಲ್ಲೆ ಮ್ಯಾಲಿಂದ ಕಾಣಸ್ತದ."

ಅವತ್ತು ಅವಳು 'ಹೊಡಿ' ಒತ್ತಿದಳು. ದಾಳ ಕೈ ಕೊಟ್ಟಿತು, ಪೆಟ್ಟು ತಪ್ಪಿತು, ಸತ್ತಳು. ಆದರೂ ಒತ್ತಿದಳಲ್ಲ! ಇಕ್ಬಾಲ ಮತ್ತು ನಾನು ಖೋಲಿಯಲ್ಲಿ ಹುಚ್ಚರ ಹಾಗೆ ಕುಣಿದೆವು.

ಆ ಉಮೇದಿನಲ್ಲೇ ಒಂದು ಎಡವಟ್ಟು ಮಾಡಿದೆ. ಕೊನೆಯ ಅಗಸಿಯ ಕಾಳಗವೊಂದನ್ನೇ ಅಂಗಡಿಯ ಮುಂದಿನ ಕಂಪ್ಯೂಟರಿಗೆ ಹಾಕಿದೆ, ಮಂದಿ ಹೇಗೆ ಆಡುತ್ತಾರೆ ನೋಡೋಣ ಅಂತ. ಓಣಿಗೆ ಹುಚ್ಚು ಹಿಡಿಯಿತು. ಆಟೋ ಓಡಿಸುವ ಹಜರತಅಲಿ ಕಾಕಾ ಅಂತೂ ಬಾಡಿಗೆ ಬಿಟ್ಟು ಬಂದು ಕೂಡುತ್ತಿದ್ದರು. ಸಾವಕಾರನ ಹೆಗಲಿನಿಂದ ಬಟ್ಟೆ ಇಳಿದ ಕೂಡಲೇ "ಟವೆಲ್ ತಗದ್ನಪೋ!" ಅಂತ ಅವರು ಕೂಗಿದರೆ ಎದುರಿನ ಪಾನ್ ಅಂಗಡಿಯವನೂ ಓಡಿ ಬರುತ್ತಿದ್ದ. ಪೂರ್ತಿ ಆಟ ಯಾವಾಗ, ಯಾವಾಗ ಅಂತ ಎಲ್ಲರೂ ನನ್ನ ಜೀವ ತಿನ್ನತೊಡಗಿದರು.

ಹಾಗೆ ಬಂದವರಲ್ಲಿ ದುರಗಪ್ಪನೂ ಒಬ್ಬ. ಅಮರಗೋಳದ ಯಾರ್ಡಿನಲ್ಲಿ ಹಮಾಲಿ ಮಾಡುವವನು. ಮೊಬೈಲ್ ರಿಪೇರಿಗೆ ಬಂದಿದ್ದ. ಆಡಿದ. ಟವೆಲ್ ಕೆಳಗಿನ ವ್ಯಾಪಾರ ಮುಗಿದು ಸಾವಕಾರ ಅಂಗೈಯನ್ನು ಉಗುರಿನಿಂದ ಗೀರಿದಾಗ ಹೊಟ್ಟೆ ಹಿಡಿದು ನಕ್ಕ.

"ಅಲಲಲ! ಇಂವ ನಮ್ಮ ಬಸವಪ್ರಭು ಸಾವಕಾರ ಅಲ್ಲೇನ್ರಿ! ಅದ ಉಗುರು, ಅದ ಟವೆಲ್! ನಾಳಿ ಯಾರ್ಡಿನ್ಯಾಗ ಹೇಳ್ತೇನಿ ತಡೀರಿ, ನಗ್ತಾರ ಮಂದಿ!"

ಪಾಪ, ಅವನಿಗೆ ಏನು ಗೊತ್ತು! ತಪ್ಪು ನನ್ನದು. ಸಿಟ್ಟಿನಲ್ಲಿ ಆ ಉಗುರನ್ನು ಆಟದಲ್ಲಿ ಹಾಕಿದ್ದೆ. ಯಾರ್ಡಿನವರು ಕಮರಿಪೇಟೆಗೂ ಬರುತ್ತಾರೆ ಅನ್ನುವುದು ತಲೆಗೇ ಹೋಗಿರಲಿಲ್ಲ. ಆಗಲೇ ಅಕ್ಕನಿಗೆ ಫೋನ್ ಹಚ್ಚಿದೆ. ಫೋನ್ ಬಂದ್ ಆಗಿತ್ತು.

ಮಂಗಳವಾರ ಮಧ್ಯಾಹ್ನ ಅಕ್ಕ ಬಂದಳು. ಹಸಿರು ಸೀರೆಯ ಚೀಲವಿರಲಿಲ್ಲ. ಬಲಗೈಯ ಮಣಿಕಟ್ಟು ಬಾತು ಬದನೆಕಾಯಿಯಾಗಿತ್ತು, ತುಟಿ ಮತ್ತೆ ಒಡೆದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಈ ಸಲ ಬಸವಪ್ರಭು ಟವೆಲ್ ಸುತ್ತಿಕೊಂಡಿರಲಿಲ್ಲ.

"ಮೌಸ್ ಎಡಕ್ಕ ಇಡು," ಅಂದಳು ಇಕ್ಬಾಲನಿಗೆ.

"ಅಕ್ಕಾರ, ಮೊದಲ ದವಾಖಾನಿಗಿ ಹೋಗೂಣು ನಡೀರಿ."

"ಇಡೋ, ಅಂದೆ."

ಇಕ್ಬಾಲ ಇಟ್ಟ. ಅವನ ಕಣ್ಣಲ್ಲಿ ನೀರಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಶುರು ಮಾಡಿದಳು. ಸಾವಕಾರ ನಕ್ಕ, ಕೈ ಚಾಚಿದ, ಅಂಗೈ ಗೀರಿದ. ಟವೆಲ್ ಹೆಗಲಿನಿಂದ ಇಳಿಯಿತು. ಅಕ್ಕನ ಪಾಳಿ ಬಂತು.

ಅಷ್ಟರಲ್ಲಿ ಮುಂದಿನ ಬಾಗಿಲಿನಿಂದ ಬೆಳಕು ಮರೆಯಾಯಿತು. ಬಸವಪ್ರಭು ಚಪ್ಪಲಿ ಸಮೇತ ಒಳಗೆ ಬಂದ. ಹಜರತಅಲಿ ಕಾಕಾನ ಭುಜ ತಳ್ಳಿಕೊಂಡು ಹಿಂದಿನ ಖೋಲಿಯ ಬಾಗಿಲಲ್ಲಿ ನಿಂತ. ಪರದೆ ನೋಡಿದ. ತನ್ನನ್ನು ತಾನೇ ನೋಡಿದ. ಮುಖದ ಮೇಲೆ ಅದೇ ನಗು.

"ಇಡೀ ಯಾರ್ಡ್ ನನ್ನ ಮಾರಿ ನೋಡಿ ನಗಾಕತ್ತೇತಿ," ಅಂದ, ಬಹಳ ಮೆತ್ತಗೆ. "ಮನಿ ಮಾತ ತಂದು ಇಲ್ಲೆ ಬಯಲಾಟ ಮಾಡಿಟ್ಟಿ. ಛಲೋ ಆತು. ನಡಿ ಮನಿಗಿ."

ಅಕ್ಕ ಅಲುಗಲಿಲ್ಲ. ಬಸವಪ್ರಭು ಖೋಲಿಯ ಕಿಟಕಿಯ ಹತ್ತಿರ ಹೋಗಿ ಅದನ್ನು ಮುಚ್ಚಿದ. ಆಮೇಲೆ ಅವನ ಎಡಗೈ ಹೆಗಲಿಗೆ ಹೋಯಿತು.

"ಟವೆಲ್ ತಗದ್ನಪೋ!" ಹೊರಗಿನಿಂದ ಹಜರತಅಲಿ ಕಾಕಾ ಕೂಗಿದರು. ರೂಢಿಯಿಂದ ಬಂದ ಕೂಗೋ, ಭಯದಿಂದ ಬಂದದ್ದೋ, ಅವರಿಗೇ ಗೊತ್ತಿರಲಿಕ್ಕಿಲ್ಲ.

ಸುತ್ತಿಗೆ ನನ್ನ ಕೈಯಳತೆಯಲ್ಲೇ ಇತ್ತು. ಮಂಡೆ ಒಡೆಯುತ್ತೇನೆ ಅಂತ ಊರೆಲ್ಲ ಕೇಳುವ ಹಾಗೆ ಕೂಗಾಡಿದ್ದ ನಾನು, ಗೋಡೆಗೆ ಆತುಕೊಂಡು ನಿಂತುಬಿಟ್ಟೆ. ಕೈ ಬರಲಿಲ್ಲ, ಕಾಲು ಬರಲಿಲ್ಲ. ಅಕ್ಕ ಹೇಳುತ್ತಿದ್ದದ್ದು ಇದೇ ಅಂತ ಆಗ ತಿಳಿಯಿತು. ಅವನು ಟವೆಲ್‌ನ ಒಂದು ತುದಿ ಅಂಗೈಯಲ್ಲಿ ಹಿಡಿದು, ಎಡಗೈಯಿಂದ ಒಂದು ಸುತ್ತು ಸುತ್ತಿದ. ಅವಸರವೇ ಇರಲಿಲ್ಲ ಅವನಿಗೆ.

ಅಕ್ಕ ಎದ್ದಳು. ಎಡಗೈಯಲ್ಲಿ ಸ್ಟೂಲಿನ ಕಾಲು ಹಿಡಿದು ಎತ್ತಿ, ಸುತ್ತಿಕೊಳ್ಳುತ್ತಿದ್ದ ಆ ಎರಡೂ ಕೈಗಳ ಮೇಲೆ ಬಾರಿಸಿದಳು. ಬೆರಳು ಮುರಿದ ಸಪ್ಪಳ ಕೇಳಿತು. ಥೇಟು ಇಕ್ಬಾಲನ ಹಸಿ ಕಬ್ಬಿನ ಸಪ್ಪಳ. ಬಸವಪ್ರಭು ಬಾಯಿ ತೆರೆದ. ಒದರಲು ಗಾಳಿ ಎಳೆದುಕೊಳ್ಳುವ ಮೊದಲೇ ಎರಡನೇ ಪೆಟ್ಟು ಕಿವಿಯ ಮೇಲೆ ಬಿತ್ತು. ಕಿವಿ ಹರಿದು ರಕ್ತ ಬಿಳಿ ಅಂಗಿಯ ಮೇಲೆ ಸುರಿಯಿತು. ಹಳೇ ಸಿಪಿಯುಗಳ ರಾಶಿಯ ಮೇಲೆ ಬಿದ್ದ. ಬಿದ್ದಲ್ಲಿಂದಲೇ ಕಾಲು ಬೀಸಿ ಅವಳ ಮೊಣಕಾಲಿಗೆ ಒದ್ದ, ಅಕ್ಕ ಕುಸಿದಳು. ಅವನು ಮುರಿದ ಕೈಯಲ್ಲೇ ಅವಳ ಜಡೆ ಹಿಡಿಯಲು ನೋಡಿದ, ಬೆರಳು ಮಡಚಲಿಲ್ಲ. ಅಕ್ಕ ತಲೆ ಎತ್ತಿ, ಹಣೆಯಿಂದ ಅವನ ಬಾಯಿಗೆ ಗುದ್ದಿದಳು. ಒಂದು ಹಲ್ಲು ನನ್ನ ಪಾದದ ಹತ್ತಿರ ಬಂದು ಬಿತ್ತು.

ಆಗ ಇಕ್ಬಾಲ, ಹಜರತಅಲಿ ಕಾಕಾ ಇಬ್ಬರೂ ನುಗ್ಗಿ ಅವನನ್ನು ನೆಲಕ್ಕೆ ಅದುಮಿ ಹಿಡಿದರು. ಅಕ್ಕ ಮತ್ತೆ ಸ್ಟೂಲ್ ಎತ್ತಿದಳು. ತಲೆಗೇ ಗುರಿಯಿತ್ತು. ನಾನು ಗೋಡೆ ಬಿಟ್ಟು ಹೋಗಿ ಅವಳನ್ನು ತಬ್ಬಿಕೊಂಡೆ.

"ಸಾಕ ಅಕ್ಕಾ! ಜೇಲಿಗಿ ಹೋಗ್ತಿ! ಸಾಕು!"

ನಿಧಾನಕ್ಕೆ ಸ್ಟೂಲ್ ಇಳಿಸಿದಳು. ಬಸವಪ್ರಭು ಬಾಯಿಯ ರಕ್ತ ಉಗುಳಿ, ಆಗಲೂ ಅಂದ, "ಮನಿಗಿ ನಡಿ."

"ಯಾವ ಮನಿಗಿ?" ಅಂದಳು ಅಕ್ಕ.

ಇಕ್ಬಾಲ, ಕಾಕಾ ಹಿಡಿತ ಬಿಟ್ಟರು, ಅವನು ಎದ್ದ. ಟವೆಲ್ ಕಿವಿಗೆ ಒತ್ತಿಕೊಂಡು ಗೋಡೆ ಹಿಡಿದು ಹೊರಗೆ ಹೋದ. ಓಣಿಯ ಮಂದಿ ಅವನಿಗೆ ದಾರಿ ಬಿಟ್ಟರು, ಯಾರೂ ನಗಲಿಲ್ಲ.

ಪರದೆಯ ಮೇಲೆ ಇನ್ನೊಬ್ಬ ಸಾವಕಾರ ಟವೆಲ್ ಅರ್ಧ ಸುತ್ತಿಕೊಂಡು ಹಾಗೇ ನಿಂತಿದ್ದ. ಅಕ್ಕನ ಪಾಳಿ ಇನ್ನೂ ಬಾಕಿ ಇತ್ತು. ಅವಳು ಸ್ಟೂಲ್ ಸರಿ ಮಾಡಿಕೊಂಡು ಕೂತಳು. ರಕ್ತದ ಕೈಯನ್ನು ಸೆರಗಿಗೆ ಒರೆಸಿ 'ಹೊಡಿ' ಒತ್ತಿದಳು. ದಾಳ ಉರುಳಿತು. ಒಂದು ಬಿತ್ತು. ಪೆಟ್ಟು ತಪ್ಪಿತು. ಸಾವಕಾರ ಗುದ್ದಿ ಗುದ್ದಿ ಪರದೆಯ ಹೆಂಗಸನ್ನು ಕೊಂದ.

ಅಕ್ಕ ನಕ್ಕಳು. ಒಡೆದ ತುಟಿಯಲ್ಲಿ, ಮುಚ್ಚಿದ ಕಣ್ಣಿನಲ್ಲಿ, ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತ ಅಳು ಬಂತು, ನನಗೂ ಬಂತು.

"ಬಿಡು ರಜನಿ," ಅಂದಳು ಕೊನೆಗೆ. "ಆಟ ಬಿಡು. ಮಂದಿ ಕಾಯಾಕತ್ತಾರ. ಇವನ್ನ ಮಾತ್ರ ಕಡಿಮಿ ಮಾಡಬ್ಯಾಡ."

ದವಾಖಾನೆಗೆ ಹೊರಡುವ ಮೊದಲೇ ಆಟ ಬಿಟ್ಟೆವು. ಗುಂಡಿ ಒತ್ತಿದ್ದು ಅಕ್ಕ, ಎಡಗೈಯಿಂದ.

ಬಸವಪ್ರಭು ಪೊಲೀಸರ ಹತ್ತಿರ ಹೋಗಲಿಲ್ಲ. ಹೋದರೆ ಹೆಂಡತಿ ಬಡಿದಳು ಅಂತ ಬರೆಸಬೇಕಲ್ಲ. ನಾವು ಹೋದೆವು, ಅಕ್ಕನ ಪಕ್ಕೆಯ ಎಕ್ಸ್-ರೇ ಸಮೇತ. ಅವ್ವ ಒಂದಿಷ್ಟು ದಿನ ಮಾತು ಬಿಟ್ಟಿದ್ದಳು; ಆಮೇಲೆ ಒಂದು ಬೆಳಿಗ್ಗೆ ತಾನೇ ಬಂದು ಅಕ್ಕನ ಪಕ್ಕೆಗೆ ಬಿಸಿ ಶಾಖ ಕೊಡುತ್ತ ಕೂತಳು.

ಪೋಲೆಂಡಿನವನ ಸಂದೇಶ ಮತ್ತೆ ಬಂತು. ಈ ಸಲ ಬೈಗುಳ ಇರಲಿಲ್ಲ. 'ಆರು ಅಗಸಿ ದಾಟಿದೆ. ಕೊನೆಯ ಸಾವಕಾರ ನನ್ನನ್ನು ಕೊಲ್ಲುತ್ತಲೇ ಇದ್ದಾನೆ. ಇವನನ್ನು ಯಾರಾದರೂ ಗೆದ್ದಿದ್ದಾರಾ?' ಅಂತ ಕೇಳಿದ್ದ. ಅಕ್ಕ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಓದಿ ಹೇಳಿದೆ.

"ಹೌದಂತ ಬರಿ," ಅಂದಳು, ಕೈಯ ಕೆಲಸ ನಿಲ್ಲಿಸದೆ. "ಟವೆಲ್ ಸುತ್ತೂವಾಗ ಅವನ ಎರಡೂ ಕೈ ಖಾಲಿ ಇರಂಗಿಲ್ಲ, ನೆಲಾ ನೋಡಬ್ಯಾಡ, ಅಂತನೂ ಬರಿ."